ಕಮಿಷನ್ ಕೊಂಡಿ: ಲೆಕ್ಕವಿಡುವ ಕ್ರಮ, ನಂಬಿಕೆ ಉಳಿಸುವ ಕ್ರಮ

ಮಾರುವವನೊಬ್ಬ, ಕೊಳ್ಳುವವನೊಬ್ಬ, ಇವರಿಬ್ಬರನ್ನು ಕೂಡಿಸುವವನು ಮತ್ತೊಬ್ಬ. ವ್ಯಾಪಾರವೆಂಬುದು ಹುಟ್ಟಿದಂದಿನಿಂದ ಈ ಮೂರನೆಯವನು ಇದ್ದೇ ಇದ್ದಾನೆ. ಅವನನ್ನು ದಲ್ಲಾಳಿ ಎನ್ನುತ್ತೇವೆ. ಅವನಿಗೆ ಸಲ್ಲುವ ಹಣವನ್ನು ದಲಾಲಿ ಅಥವಾ ಕಮಿಷನ್ ಎನ್ನುತ್ತೇವೆ. ದನದ ಸಂತೆಯಲ್ಲಿ, ಜಾಗದ ಮಾರಾಟದಲ್ಲಿ, ಅಡಿಕೆಯ ವ್ಯಾಪಾರದಲ್ಲಿ ಅವನನ್ನು ಕಾಣದವರು ನಮ್ಮ ಕಾಸರಗೋಡಿನಲ್ಲಿ ಯಾರೂ ಇರಲಾರರು.

ದಲಾಲಿ ತೆಗೆದುಕೊಳ್ಳುವುದು ತಪ್ಪಲ್ಲ. ಕೂಡಿಸಿ ಕೊಟ್ಟವನ ದುಡಿಮೆಗೆ ಅದು ಕೂಲಿ. ಆದರೆ ಎಷ್ಟು ದಲಾಲಿ, ಯಾರಿಂದ ದಲಾಲಿ ಎಂಬುದು ಮುಚ್ಚಿಹೋದಾಗ ಮಾತ್ರ ವ್ಯವಹಾರ ಕೆಡುತ್ತದೆ. ಕರ್ನಾಟಕ ಮತ್ತು ಕೇರಳದ ಅಡಿಕೆ ಬೆಳೆಗಾರರು ಸೇರಿ, ವಾರಣಾಶಿ ಸುಬ್ರಾಯ ಭಟ್ಟರ ನೇತೃತ್ವದಲ್ಲಿ, ೧೯೭೩ರಲ್ಲಿ ಮಂಗಳೂರಿನಲ್ಲಿ ಕ್ಯಾಂಪ್ಕೊ ಎಂಬ ಸಹಕಾರ ಸಂಸ್ಥೆಯನ್ನು ಕಟ್ಟಿದರು. ತಮ್ಮ ಬೆಳೆಯ ಧಾರಣೆ ತಮಗೆ ತಿಳಿಯಬೇಕು, ಮಾರಾಟ ತಮ್ಮ ಕಣ್ಣೆದುರಿಗೆ ನಡೆಯಬೇಕು ಎಂಬ ಬಯಕೆ ಆ ಪ್ರಯತ್ನದ ಹಿಂದೆ ಇದ್ದಿತು. ಹೀಗಾಗಿ, ನಡುವಿನ ಕೈಗೆ ಏನು ಹೋಗುತ್ತದೆ ಎಂದು ಕೇಳುವ ಅಭ್ಯಾಸ ನಮ್ಮ ಹಿರಿಯರಿಗೆ ಹೊಸದಲ್ಲ.

ಇಂದು ಆ ನಡುವಿನ ಕೈ ಮೊಬೈಲಿನ ಒಳಗೆ ಬಂದಿದೆ. ‘ಈ ಕುಕ್ಕರ್ ಬಹಳ ಚೆನ್ನಾಗಿದೆ, ಕೆಳಗಿನ ಲಿಂಕ್ ಒತ್ತಿ ತರಿಸಿಕೊಳ್ಳಿ’ ಎಂಬ ಮಾತನ್ನು ಪ್ರತಿಯೊಂದು ಮನೆಯವರೂ ಕೇಳಿದ್ದಾರೆ. ಆ ಲಿಂಕ್ ಅಂದರೆ ಕೊಂಡಿಯನ್ನು ಒತ್ತಿ ನಾವು ವಸ್ತುವನ್ನು ಕೊಂಡರೆ, ಹೇಳಿದವರಿಗೆ ಅಂಗಡಿಯವರು ಕಮಿಷನ್ ಕೊಡುತ್ತಾರೆ. ಇಂಗ್ಲಿಷಿನ ಅಫಿಲಿಯೇಟ್ ಲಿಂಕ್ ಎಂಬುದಕ್ಕೆ ನಾವು ಈ ಪಾಠದಲ್ಲಿ ಕಮಿಷನ್ ಕೊಂಡಿ ಎಂದು ಹೆಸರಿಟ್ಟುಕೊಳ್ಳೋಣ. ಶಾಲೆ ಬಿಟ್ಟ ಮೇಲೆ ನಮ್ಮ ವಿದ್ಯಾರ್ಥಿಗಳಲ್ಲಿ ಹಲವರು ಕನ್ನಡದಲ್ಲಿ ಬರೆದು, ವಿಡಿಯೊ ಮಾಡಿ, ಇಂಥ ಕೊಂಡಿಗಳಿಂದ ನಾಲ್ಕು ಕಾಸು ಗಳಿಸಲು ಹೊರಡಬಹುದು. ಅವರ ತಂದೆತಾಯಂದಿರು ಈಗಾಗಲೇ ಇಂಥ ಕೊಂಡಿಗಳನ್ನು ಒತ್ತುತ್ತಿದ್ದಾರೆ. ಆದುದರಿಂದ ಇದು ಇಬ್ಬರೂ ಓದಬೇಕಾದ ಪಾಠ.

೧. ಇದರ ಹುಟ್ಟು

ಅಮೆರಿಕದ ಅಮೆಜಾನ್ ಕಂಪನಿಯು ಮೊದಲು ಪುಸ್ತಕದ ಅಂಗಡಿಯಾಗಿತ್ತು. ೧೯೯೬ರ ಜುಲೈಯಲ್ಲಿ ಅದು ‘ಅಸೋಸಿಯೇಟ್ಸ್’ ಎಂಬ ಯೋಜನೆಯನ್ನು ಆರಂಭಿಸಿತು. ತಮ್ಮ ಜಾಲತಾಣದಲ್ಲಿ ಪುಸ್ತಕವೊಂದರ ಬಗ್ಗೆ ಬರೆದು, ಅಮೆಜಾನಿನ ಪುಟಕ್ಕೆ ಕೊಂಡಿ ಹಾಕಿದವರಿಗೆ, ಅದರ ಮೂಲಕ ಪುಸ್ತಕ ಮಾರಾಟವಾದರೆ ಇಂತಿಷ್ಟು ಪಾಲು ಎಂಬ ಏರ್ಪಾಡು ಅದು. ಈ ಬಗೆಯ ಏರ್ಪಾಡು ಅದಕ್ಕೂ ಮೊದಲು ಸಣ್ಣ ಪ್ರಮಾಣದಲ್ಲಿ ಇದ್ದರೂ, ಲೋಕಕ್ಕೆಲ್ಲ ಪರಿಚಯವಾದುದು ಅಮೆಜಾನಿನಿಂದ. ಆ ಕಂಪನಿ ೨೦೧೩ರ ಜೂನ್‌ನಲ್ಲಿ ಭಾರತದಲ್ಲಿ ಅಂಗಡಿ ತೆರೆಯಿತು. ಇಂದು ಇಂಥ ಯೋಜನೆ ನಡೆಸುವ ಅಂಗಡಿಗಳು ಅನೇಕ ಇವೆ. ಎಲ್ಲವುಗಳ ತತ್ತ್ವ ಒಂದೇ: ಮಾರಾಟವಾದರೆ ಕೂಲಿ, ಇಲ್ಲದಿದ್ದರೆ ಇಲ್ಲ.

೨. ಕೊಂಡಿಯ ಒಳಗೆ ಏನಿದೆ?

ಅಂಗಡಿಯವರಿಗೆ ಈ ಗಿರಾಕಿಯನ್ನು ಕಳುಹಿಸಿದವರು ಯಾರೆಂದು ಗೊತ್ತಾಗುವುದು ಹೇಗೆ? ಜಾಲವಿಳಾಸದ ಬಾಲದಲ್ಲಿ ಒಂದು ಗುರುತು ಇರುತ್ತದೆ. ಅಮೆಜಾನಿನ ಕೊಂಡಿಯನ್ನು ಪೂರ್ತಿ ಬಿಚ್ಚಿ ನೋಡಿದರೆ ಪ್ರಶ್ನಾರ್ಥಕ ಚಿಹ್ನೆಯ ನಂತರದ ಭಾಗದಲ್ಲಿ ‘ಟ್ಯಾಗ್’ ಎಂಬ ಇಂಗ್ಲಿಷ್ ಪದ, ಸಮಚಿಹ್ನೆ, ಆಮೇಲೆ ಕಳುಹಿಸಿದವರ ಗುರುತಿನ ಹೆಸರು ಕಾಣುತ್ತದೆ. ಭಾರತದ ಅಂಗಡಿಯ ಗುರುತುಗಳು ಸಾಮಾನ್ಯವಾಗಿ ೨೧ ಎಂಬ ಅಂಕಿಯಿಂದಲೂ ಅಮೆರಿಕದವು ೨೦ ಎಂಬುದರಿಂದಲೂ ಮುಗಿಯುತ್ತವೆ. ಮದುವೆಯ ಉಡುಗೊರೆಯ ಮೇಲೆ ಕೊಟ್ಟವರ ಹೆಸರು ಬರೆದಂತೆ ಇದು. ಉಡುಗೊರೆ ಬೇರೆ, ಹೆಸರಿನ ಚೀಟಿ ಬೇರೆ. ಬಾಲವನ್ನು ಅಳಿಸಿದರೂ ವಸ್ತುವಿನ ಪುಟ ತೆರೆಯುತ್ತದೆ, ಆದರೆ ಕಮಿಷನ್ ಯಾರಿಗೂ ಹೋಗುವುದಿಲ್ಲ.

ಕೊಂಡಿ ಒತ್ತಿದ ಕ್ಷಣದಲ್ಲೇ ಎಲ್ಲರೂ ಕೊಳ್ಳುವುದಿಲ್ಲವಷ್ಟೆ. ಅದಕ್ಕಾಗಿ ಕುಕಿ ಎಂಬ ಸಣ್ಣ ಟಿಪ್ಪಣಿಯನ್ನು ಅಂಗಡಿಯು ನಮ್ಮ ಮೊಬೈಲಿನಲ್ಲಿ ಇಟ್ಟು ಹೋಗುತ್ತದೆ. ನೆಟ್‌ಸ್ಕೇಪ್ ಕಂಪನಿಯ ಲೂ ಮಾಂಟುಲ್ಲಿ ಎಂಬ ತಂತ್ರಜ್ಞರು ೧೯೯೪ರಲ್ಲಿ ಇದನ್ನು ರೂಪಿಸಿದರು. ಅಮೆಜಾನಿನಲ್ಲಿ ಈ ಟಿಪ್ಪಣಿಯ ಆಯುಷ್ಯ ಸಾಮಾನ್ಯವಾಗಿ ೨೪ ಗಂಟೆ. ಬೆಳಿಗ್ಗೆ ಕೊಂಡಿ ಒತ್ತಿ, ಸಂಜೆ ಕೊಂಡರೂ ಕಳುಹಿಸಿದವರ ಲೆಕ್ಕಕ್ಕೆ ಅದು ಸೇರುತ್ತದೆ. ಬೇರೆ ಕೆಲವು ಅಂಗಡಿಗಳಲ್ಲಿ ಈ ಅವಧಿ ಹೆಚ್ಚು ದಿನಗಳದ್ದು.

ಈ ಟಿಪ್ಪಣಿಯನ್ನು ಕಳ್ಳತನಕ್ಕೆ ಬಳಸಿದವರೂ ಉಂಟು. ಕೊಂಡಿಯನ್ನು ಒತ್ತದವರ ಯಂತ್ರದಲ್ಲೂ ಅವರಿಗೆ ತಿಳಿಯದಂತೆ ತಮ್ಮ ಗುರುತನ್ನು ಸೇರಿಸಿ, ಇಬೇ ಎಂಬ ಅಂಗಡಿಯಿಂದ ಭಾರಿ ಮೊತ್ತದ ಕಮಿಷನ್ ಪಡೆದ ಇಬ್ಬರಿಗೆ ಅಮೆರಿಕದ ನ್ಯಾಯಾಲಯವು ೨೦೧೪ರಲ್ಲಿ ಸೆರೆವಾಸ ವಿಧಿಸಿತು. ಕೂಡಿಸದೆ ಕೂಲಿ ಕೇಳುವುದು ಕಾನೂನಿನ ಕಣ್ಣಿಗೆ ವಂಚನೆಯೇ.

೩. ಎಷ್ಟು ಸಿಗುತ್ತದೆ?

ಈ ಪ್ರಶ್ನೆಗೆ ಉತ್ತರವನ್ನು ಗಣಿತದಿಂದಲೇ ಕಂಡುಕೊಳ್ಳೋಣ. ಕೆಳಗಿನ ಅಂಕಿಗಳು ಲೆಕ್ಕಕ್ಕಾಗಿ ನಾವು ಹಿಡಿದುಕೊಂಡವು.

೩೦೦ ರೂಪಾಯಿಯ ಪುಸ್ತಕವೊಂದರ ಬಗ್ಗೆ ಒಬ್ಬಳು ಬರೆದಳು. ಓದಿದವರು ೧೦೦೦ ಮಂದಿ. ಕೊಂಡಿ ಒತ್ತಿದವರು ೫೦. ಕೊಂಡವರು ೨. ಕಮಿಷನ್ ಶೇಕಡ ೫ ಆದರೆ ಒಂದು ಪುಸ್ತಕಕ್ಕೆ ೧೫ ರೂಪಾಯಿ, ಎರಡಕ್ಕೆ ೩೦ ರೂಪಾಯಿ. ಅವರಲ್ಲಿ ಒಬ್ಬರು ಪುಸ್ತಕವನ್ನು ಹಿಂದಿರುಗಿಸಿದರೆ ಅದರ ಕಮಿಷನ್ ಹಿಂದಕ್ಕೆ ಹೋಗಿ, ಉಳಿಯುವುದು ೧೫ ರೂಪಾಯಿ. ಅಂದರೆ ಸಾವಿರ ಮಂದಿಯ ನಂಬಿಕೆಯನ್ನು ಪಣಕ್ಕಿಟ್ಟದ್ದಕ್ಕೆ ಹದಿನೈದು ರೂಪಾಯಿ. ‘ಮನೆಯಲ್ಲಿ ಕುಳಿತು ತಿಂಗಳಿಗೆ ಲಕ್ಷ ಗಳಿಸಿರಿ’ ಎಂದು ಹೇಳಿ ತರಬೇತಿಯ ಶುಲ್ಕ ಕೇಳುವವರ ಮುಂದೆ ಈ ಲೆಕ್ಕವನ್ನು ಇಡಬೇಕು.

ಈಗ ಇನ್ನೊಂದು ಲೆಕ್ಕ. ಎರಡು ಕುಕ್ಕರುಗಳಿವೆ. ಮೊದಲನೆಯದರ ಬೆಲೆ ೧೮೦೦ ರೂಪಾಯಿ, ಕಮಿಷನ್ ಶೇಕಡ ೪. ಎರಡನೆಯದರ ಬೆಲೆ ೨೪೦೦ ರೂಪಾಯಿ, ಕಮಿಷನ್ ಶೇಕಡ ೮. ಮೊದಲನೆಯದರಿಂದ ಹೇಳಿದವನಿಗೆ ೭೨ ರೂಪಾಯಿ. ಎರಡನೆಯದರಿಂದ ೧೯೨ ರೂಪಾಯಿ. ಒಂದು ಸಣ್ಣ ಸಂಸಾರಕ್ಕೆ ಮೊದಲನೆಯದೇ ಸಾಕು ಎಂದು ಅವನಿಗೆ ಗೊತ್ತಿದೆ. ಅವನು ಯಾವುದನ್ನು ಹೊಗಳಬೇಕು? ಎರಡನೆಯದನ್ನು ಹೊಗಳಿದರೆ, ತನಗೆ ೧೨೦ ರೂಪಾಯಿ ಹೆಚ್ಚು ಬರಲೆಂದು ಓದುವ ಮನೆಯವರ ಕೈಯಿಂದ ೬೦೦ ರೂಪಾಯಿ ಹೆಚ್ಚು ಖರ್ಚು ಮಾಡಿಸಿದಂತಾಯಿತು.

ಕಮಿಷನ್ ಕೊಂಡಿಯ ಸಮಸ್ಯೆಯೆಲ್ಲ ಈ ಒಂದು ಲೆಕ್ಕದಲ್ಲಿದೆ. ಮುಂದೆ ನಾವು ಹೇಳುವ ಕ್ರಮಗಳೆಲ್ಲ, ಆ ೧೨೦ ರೂಪಾಯಿಯ ಆಸೆ ನಮ್ಮ ಮಾತನ್ನು ಕೆಡಿಸದಂತೆ ನೋಡಿಕೊಳ್ಳುವ ಉಪಾಯಗಳು.

೪. ಕೊಂಡಿಗಳ ಕಡತ

ಹತ್ತು ಕೊಂಡಿಗಳಿದ್ದಾಗ ನೆನಪೇ ಸಾಕು. ನೂರಾದಾಗ ನೆನಪು ಕೈಕೊಡುತ್ತದೆ. ಯಾವ ಬರಹದಲ್ಲಿ ಯಾವ ವಸ್ತುವನ್ನು ಹೊಗಳಿದ್ದೆವು, ಆ ವಸ್ತು ಈಗಲೂ ಸಿಗುತ್ತದೆಯೆ, ಯಾವ ಅಂಗಡಿಯಿಂದ ಎಷ್ಟು ಬರಬೇಕು ಎಂಬುದು ತಿಳಿಯದೆ ಹೋಗುತ್ತದೆ. ಕಿರ್ದಿ, ಖಾತೆಗಳಿಲ್ಲದ ಅಂಗಡಿಯ ಗತಿ ಏನಾಗುವುದೋ ಕಡತವಿಲ್ಲದ ಕೊಂಡಿಗಳ ಗತಿಯೂ ಅದೇ. ಆದುದರಿಂದ ಮೊದಲ ಕೊಂಡಿ ಹಾಕಿದ ದಿನವೇ ಒಂದು ಕಡತವನ್ನು ತೆರೆಯಬೇಕು. ಕಂಪ್ಯೂಟರಿನ ಕೋಷ್ಟಕವಾದರೂ ಸರಿ, ಗೆರೆ ಎಳೆದ ನೋಟುಪುಸ್ತಕವಾದರೂ ಸರಿ. ಅದರಲ್ಲಿ ಎಂಟು ಅಂಕಣಗಳಿರಲಿ.

ಮೊದಲನೆಯದು, ಕ್ರಮಸಂಖ್ಯೆ. ಒಮ್ಮೆ ಕೊಟ್ಟ ಸಂಖ್ಯೆಯನ್ನು ಮತ್ತೊಂದು ಕೊಂಡಿಗೆ ಕೊಡಬಾರದು.
ಎರಡನೆಯದು, ವಸ್ತುವಿನ ಹೆಸರು ಮತ್ತು ಮಾದರಿ.
ಮೂರನೆಯದು, ಅಂಗಡಿಯ ಹೆಸರು.
ನಾಲ್ಕನೆಯದು, ಕೊಂಡಿ ಇರುವ ಜಾಗ. ಯಾವ ಬರಹ, ಯಾವ ವಿಡಿಯೊ. ಒಂದೇ ಕೊಂಡಿ ಐದು ಕಡೆ ಇದ್ದರೆ ಐದನ್ನೂ ಬರೆಯಬೇಕು.
ಐದನೆಯದು, ಹಾಕಿದ ದಿನಾಂಕ.
ಆರನೆಯದು, ಶಿಫಾರಸಿನ ಕಾರಣ.
ಏಳನೆಯದು, ಕಮಿಷನ್ ಇದೆ ಎಂದು ಓದುಗರಿಗೆ ಹೇಳಿದ್ದೇವೆಯೆ, ಇಲ್ಲವೆ.
ಎಂಟನೆಯದು, ಕೊನೆಯ ಬಾರಿ ತಪಾಸಣೆ ಮಾಡಿದ ದಿನ ಮತ್ತು ಅದರ ಫಲ.

ಇವುಗಳಲ್ಲಿ ಆರನೆಯದೇ ಮುಖ್ಯ. ಅದನ್ನು ಖಾಲಿ ಬಿಡಬಾರದು. ‘ಚೆನ್ನಾಗಿದೆ’ ಎಂದು ಬರೆದೂ ಬಿಡಬಾರದು. ಮಾದರಿಗೆ ಒಂದು ನಮೂದನ್ನು ನೋಡಿರಿ: ‘ಕ್ರಮಸಂಖ್ಯೆ ೧೭. ಓದುವ ದೀಪ. ಆರು ತಿಂಗಳು ಬಳಸಿದ್ದೇವೆ. ಕರೆಂಟು ಹೋದಾಗ ಮೂರು ಗಂಟೆ ಉರಿಯುತ್ತದೆ. ಸ್ವಿಚ್ಚು ಬಿಗಿ, ಸಣ್ಣ ಮಕ್ಕಳಿಗೆ ಒತ್ತಲು ಕಷ್ಟ.’ ಇಲ್ಲಿ ಗುಣವೂ ಇದೆ, ದೋಷವೂ ಇದೆ. ದೋಷವನ್ನು ಬರೆಯಲು ಏನೂ ತೋಚದಿದ್ದರೆ ನಾವು ಆ ವಸ್ತುವನ್ನು ಸರಿಯಾಗಿ ಬಳಸಿಲ್ಲ ಎಂದೇ ಅರ್ಥ. ಕಾರಣದ ಅಂಕಣದಲ್ಲಿ ‘ಕಮಿಷನ್ ಹೆಚ್ಚು’ ಎಂಬುದಲ್ಲದೆ ಬೇರೇನೂ ಬರೆಯಲಾಗದ ವಸ್ತುವಿಗೆ ಕೊಂಡಿ ಹಾಕಲೇಬಾರದು.

ಕಡತದಲ್ಲಿ ಕಮಿಷನ್ನಿನ ದರಕ್ಕೆ ಅಂಕಣವಿಲ್ಲದುದನ್ನು ನೀವು ಗಮನಿಸಿರಬಹುದು. ಅದು ಬೇಕೆಂದೇ ಬಿಟ್ಟದ್ದು. ಹಣದ ಲೆಕ್ಕಕ್ಕೆ ಬೇರೆ ಪುಸ್ತಕವಿರಲಿ. ಯಾವುದನ್ನು ಹೊಗಳಬೇಕು ಎಂದು ತೀರ್ಮಾನಿಸುವಾಗ ದರ ಕಣ್ಣಿಗೆ ಬೀಳದಿರುವುದು ಒಳ್ಳೆಯದು. ಅಮೆರಿಕದಲ್ಲಿ ಬ್ರಯಾನ್ ಲಾಮ್ ಎಂಬವರು ೨೦೧೧ರಲ್ಲಿ ಆರಂಭಿಸಿದ ವೈರ್‌ಕಟರ್ ಎಂಬ ಪ್ರಕಟಣೆಯು ಕಮಿಷನ್ ಕೊಂಡಿಗಳಿಂದಲೇ ಬದುಕಿ ಬೆಳೆಯಿತು. ವಸ್ತುಗಳನ್ನು ದಿನಗಟ್ಟಲೆ ಪರೀಕ್ಷಿಸಿ, ಒಂದನ್ನೋ ಎರಡನ್ನೋ ಆರಿಸಿ ಹೇಳುವುದು ಅದರ ಕ್ರಮ. ವಸ್ತುವನ್ನು ಆರಿಸುವ ಕೆಲಸವನ್ನೂ ಕಮಿಷನ್ನಿನ ವ್ಯವಹಾರವನ್ನೂ ಅದು ಬೇರೆಬೇರೆಯಾಗಿ ಇಟ್ಟಿತು. ೨೦೧೬ರಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯು ಅದನ್ನು ಸುಮಾರು ೩ ಕೋಟಿ ಡಾಲರಿಗೆ ಕೊಂಡುಕೊಂಡಿತು. ಓದುಗರ ನಂಬಿಕೆಗೆ ಬಂದ ಬೆಲೆ ಅದು.

ಒಬ್ಬನೇ ಬರೆಯುವವನಿಗೆ ಹೀಗೆ ಇಬ್ಬರನ್ನು ನೇಮಿಸಲಾಗದು. ಆದರೆ ಎರಡು ಪುಸ್ತಕಗಳನ್ನು ಇಡಲು ಯಾರಿಗೂ ಸಾಧ್ಯ.

ಇನ್ನೊಂದು ಸೌಕರ್ಯವನ್ನೂ ತಿಳಿದಿರಬೇಕು. ಅಮೆಜಾನಿನಂಥ ಅಂಗಡಿಗಳು ಒಂದೇ ಖಾತೆಯವರಿಗೆ ಹಲವು ಗುರುತುಗಳನ್ನು ಕೊಡುತ್ತವೆ. ಪುಸ್ತಕಗಳಿಗೆ ಒಂದು, ಅಡಿಗೆಮನೆಯ ಸಾಮಾನಿಗೆ ಒಂದು, ಕೃಷಿ ಉಪಕರಣಕ್ಕೆ ಒಂದು ಎಂದು ವಿಂಗಡಿಸಿದರೆ, ಯಾವ ಬರಹದಿಂದ ಜನಕ್ಕೆ ಉಪಯೋಗವಾಯಿತು ಎಂಬುದು ಅಂಗಡಿಯವರ ವರದಿಯಿಂದಲೇ ತಿಳಿಯುತ್ತದೆ. ಅಂಗಡಿಯ ಷರತ್ತುಗಳನ್ನೂ ಪೂರ್ತಿ ಓದಬೇಕು. ತನ್ನ ಕೊಂಡಿಯಿಂದ ತಾನೇ ಕೊಂಡು ಕಮಿಷನ್ ಪಡೆಯಬಾರದು, ಗಿರಾಕಿ ಎಲ್ಲಿಂದ ಬಂದನೆಂಬುದನ್ನು ಮರೆಮಾಚಬಾರದು ಎಂಬಂಥ ಷರತ್ತುಗಳಿರುತ್ತವೆ. ಮುರಿದರೆ ಖಾತೆಯೇ ಹೋಗುತ್ತದೆ.

೫. ತಪಾಸಣೆ

ತೋಟಕ್ಕೆ ಬೇಲಿ ಹಾಕಿದರೆ ಸಾಲದು, ವರ್ಷಕ್ಕೊಮ್ಮೆ ಸುತ್ತಿ ನೋಡಬೇಕು. ಕೊಂಡಿಗಳೂ ಹಾಗೆಯೇ ಜೀರ್ಣವಾಗುತ್ತವೆ. ಅಮೆರಿಕದ ಪ್ಯೂ ಸಂಶೋಧನಾ ಕೇಂದ್ರವು ೨೦೨೪ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ೨೦೧೩ರಲ್ಲಿದ್ದ ಜಾಲಪುಟಗಳಲ್ಲಿ ಶೇಕಡ ೩೮ರಷ್ಟು ಹತ್ತು ವರ್ಷಗಳ ನಂತರ ತೆರೆಯುತ್ತಿರಲಿಲ್ಲ. ಅಂಗಡಿಯ ಪುಟಗಳಲ್ಲಂತೂ ಮಾದರಿಗಳು ಬದಲಾಗುತ್ತಲೇ ಇರುತ್ತವೆ. ಆದುದರಿಂದ ಮೂರು ತಿಂಗಳಿಗೊಮ್ಮೆ ಕಡತವನ್ನು ಹಿಡಿದು ಎಲ್ಲ ಕೊಂಡಿಗಳನ್ನೂ ಒತ್ತಿ ನೋಡಬೇಕು. ಆಗ ನಾಲ್ಕು ಬಗೆಯ ಫಲಗಳು ಕಾಣುತ್ತವೆ.

ಒಂದು, ಕೊಂಡಿ ಸರಿಯಾಗಿದೆ. ದಿನಾಂಕ ಬರೆದು ಮುಂದೆ ಹೋಗಬಹುದು.

ಎರಡು, ಕೊಂಡಿ ಸತ್ತಿದೆ. ೪೦೪ ಎಂಬ ಸಂಖ್ಯೆ ಕಾಣುತ್ತದೆ. ‘ಕೇಳಿದ ಪುಟ ಸಿಗಲಿಲ್ಲ’ ಎಂದು ಅದರ ಅರ್ಥ. ಅದನ್ನು ತೆಗೆಯಬೇಕು ಅಥವಾ ಬದಲಿಸಬೇಕು.

ಮೂರು, ಕೊಂಡಿ ಬೇರೆ ಪುಟಕ್ಕೆ ಕರೆದೊಯ್ಯುತ್ತದೆ. ವಿಳಾಸ ಕಾಯಮ್ಮಾಗಿ ಬದಲಾಗಿದ್ದರೆ ಯಂತ್ರಗಳ ಭಾಷೆಯಲ್ಲಿ ೩೦೧ ಎಂದೂ ತಾತ್ಕಾಲಿಕವಾಗಿದ್ದರೆ ೩೦೨ ಎಂದೂ ಸಂಜ್ಞೆ. ಹೋಗಿ ತಲಪಿದ ಪುಟ ಯಾವುದೆಂದು ನಾವು ಕಣ್ಣಿಂದ ನೋಡಿ ತಿಳಿಯಬೇಕು.

ನಾಲ್ಕು, ಕೊಂಡಿ ತೆರೆಯುತ್ತದೆ, ಆದರೆ ನಾವು ಹೊಗಳಿದ ವಸ್ತು ಅಲ್ಲಿಲ್ಲ. ಹಳೆಯ ಮಾದರಿಯ ಜಾಗದಲ್ಲಿ ಹೊಸದು ಬಂದಿದೆ, ಮಾರುವವನು ಬದಲಾಗಿದ್ದಾನೆ, ಖಾತರಿಯ ಅವಧಿ ಇಳಿದಿದೆ. ಈ ನಾಲ್ಕನೆಯದೇ ಹೆಚ್ಚು ಅಪಾಯಕರ. ಸತ್ತ ಕೊಂಡಿಯಿಂದ ಓದುಗನಿಗೆ ನಿರಾಸೆ ಮಾತ್ರ. ಸುಳ್ಳಾದ ಕೊಂಡಿಯಿಂದ ಹಣ ನಷ್ಟ. ಯಂತ್ರಕ್ಕೆ ಈ ವ್ಯತ್ಯಾಸ ಸುಲಭವಾಗಿ ತಿಳಿಯದು. ಸತ್ತ ಕೊಂಡಿಗಳನ್ನು ಹುಡುಕಿಕೊಡುವ ತಂತ್ರಾಂಶಗಳು ಬೇಕಾದಷ್ಟಿವೆ. ಸುಳ್ಳಾದ ಕೊಂಡಿಯನ್ನು ಹುಡುಕಲು ಬರೆದವನೇ ಓದಬೇಕು.

ಬೆಲೆಯನ್ನು ಬರಹದಲ್ಲಿ ನಮೂದಿಸದಿರುವುದು ಮೇಲು. ಅದು ದಿನಕ್ಕೆ ಎರಡು ಬಾರಿ ಬದಲಾದರೂ ಆಶ್ಚರ್ಯವಿಲ್ಲ. ಬರೆಯಲೇಬೇಕಿದ್ದರೆ ದಿನಾಂಕ ಸಹಿತ ಬರೆಯಬೇಕು.

ಒಂದೇ ಅಂಗಡಿಯನ್ನು ನಂಬಿ ಕೂರುವುದೂ ಸರಿಯಲ್ಲ. ಅಮೆಜಾನ್ ಕಂಪನಿಯು ೨೦೨೦ರ ಏಪ್ರಿಲ್‌ನಲ್ಲಿ ಅಮೆರಿಕದಲ್ಲಿ ತನ್ನ ದರಗಳನ್ನು ಒಮ್ಮೆಲೇ ಇಳಿಸಿತು. ಪೀಠೋಪಕರಣಗಳ ಕಮಿಷನ್ ಶೇಕಡ ೮ರಿಂದ ೩ಕ್ಕೂ ದಿನಸಿಯದು ೫ರಿಂದ ೧ಕ್ಕೂ ಬಂದವು. ಪ್ರಕಟಣೆಗೂ ಜಾರಿಗೂ ನಡುವೆ ಇದ್ದುದು ಒಂದು ವಾರ. ಇಂಥ ಸಮಯದಲ್ಲಿ ಕಡತವಿದ್ದವರಿಗೆ ಯಾವ ಕೊಂಡಿ ಎಲ್ಲೆಲ್ಲಿದೆ ಎಂದು ಗೊತ್ತಿರುತ್ತದೆ. ಇಲ್ಲದವರು ಹಳೆಯ ಬರಹಗಳನ್ನೆಲ್ಲ ಮೊದಲಿನಿಂದ ಜಾಲಾಡಬೇಕಾಗುತ್ತದೆ.

೬. ಹೇಳಿಬಿಡುವುದು

ಕಮಿಷನ್ ಇದೆ ಎಂದು ಓದುಗನಿಗೆ ಹೇಳುವುದು ಈಗ ಕೇವಲ ಸಜ್ಜನಿಕೆಯ ಮಾತಲ್ಲ, ಕಾನೂನಿನ ಮಾತು. ೨೦೧೯ರ ಗ್ರಾಹಕ ಸಂರಕ್ಷಣಾ ಕಾಯಿದೆಯಡಿ ರಚಿತವಾದ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು ೨೦೨೨ರ ಜೂನ್ ೯ರಂದು, ದಾರಿತಪ್ಪಿಸುವ ಜಾಹೀರಾತುಗಳನ್ನು ತಡೆಯುವ ಮಾರ್ಗಸೂಚಿಗಳನ್ನು ಹೊರಡಿಸಿತು. ಹೊಗಳುವವನಿಗೂ ಮಾರುವವನಿಗೂ ಸಂಬಂಧವಿದ್ದು, ಅದು ಕೇಳುವವರಿಗೆ ತಾನಾಗಿ ತಿಳಿಯುವಂಥದಲ್ಲದಿದ್ದರೆ, ಆ ಸಂಬಂಧವನ್ನು ತಿಳಿಸಬೇಕು ಎಂಬುದು ಅದರ ಸಾರ. ೨೦೨೩ರ ಜನವರಿಯಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆಯು ಇದನ್ನು ಇನ್ನಷ್ಟು ಬಿಡಿಸಿ ಹೇಳಿತು. ಹಣ ಮಾತ್ರವಲ್ಲ, ಉಚಿತವಾಗಿ ಬಂದ ವಸ್ತು, ರಿಯಾಯಿತಿ, ಉಡುಗೊರೆ, ಪ್ರವಾಸ, ಬಂಧುತ್ವ ಇವೆಲ್ಲವೂ ಸಂಬಂಧಗಳೇ. ತಿಳಿಸುವ ಮಾತು ಎದ್ದು ಕಾಣುವಂತಿರಬೇಕು. ಬೇರೆ ಕೊಂಡಿಗಳ ರಾಶಿಯಲ್ಲಿ ಹುದುಗಿಸಬಾರದು. ವಿಡಿಯೊ ಆದರೆ ಕೆಳಗಿನ ವಿವರಣೆಯಲ್ಲಿ ಬರೆದರೆ ಸಾಲದು, ವಿಡಿಯೊದಲ್ಲೇ ಹೇಳಬೇಕು. ದಾರಿತಪ್ಪಿಸುವ ಜಾಹೀರಾತಿಗೆ ಕಾಯಿದೆಯಲ್ಲಿ ೧೦ ಲಕ್ಷ ರೂಪಾಯಿಯವರೆಗೂ, ಮತ್ತೆ ಮಾಡಿದರೆ ೫೦ ಲಕ್ಷದವರೆಗೂ ದಂಡ ವಿಧಿಸುವ ಅಧಿಕಾರವಿದೆ.

ಆ ೨೦೨೨ರ ಮಾರ್ಗಸೂಚಿಯಲ್ಲಿ ಕನ್ನಡಿಗರಾದ ನಾವು ವಿಶೇಷವಾಗಿ ಗಮನಿಸಬೇಕಾದ ಒಂದು ಮಾತಿದೆ. ಜಾಹೀರಾತಿನ ಮಾತಿಗೆ ಸೇರಿಸುವ ಷರಾ, ಆ ಮಾತು ಯಾವ ಭಾಷೆಯಲ್ಲಿದೆಯೋ ಅದೇ ಭಾಷೆಯಲ್ಲಿರಬೇಕು. ಬರಹದ ತುಂಬ ಕನ್ನಡದಲ್ಲಿ ಹೊಗಳಿ, ಮೂಲೆಯಲ್ಲಿ ಸಣ್ಣ ಇಂಗ್ಲಿಷ್ ಅಕ್ಷರಗಳಲ್ಲಿ ಕಮಿಷನ್ನಿನ ವಿಷಯ ತಿಳಿಸಿದರೆ, ಕನ್ನಡ ಮಾತ್ರ ಬಲ್ಲ ಅಜ್ಜಿಗೆ ತಿಳಿಸಿದಂತಾಗಲಿಲ್ಲ. ನೇರವಾಗಿ ಹೀಗೆ ಬರೆಯಬಹುದು: ‘ಈ ಕೊಂಡಿಯ ಮೂಲಕ ನೀವು ಕೊಂಡರೆ ಅಂಗಡಿಯವರು ನಮಗೆ ಕಮಿಷನ್ ಕೊಡುತ್ತಾರೆ.’ ಒಂದು ಸಾಲು ಸಾಕು. ಅದು ಕೊಂಡಿಗಿಂತ ಮೊದಲು ಬರಬೇಕು. ಒತ್ತಿದ ಮೇಲೆ ತಿಳಿದು ಪ್ರಯೋಜನವಿಲ್ಲ.

ಓದುಗನಿಗೆ ಹೇಳುವಂತೆ ಹುಡುಕುಯಂತ್ರಕ್ಕೂ ಹೇಳುವ ಕ್ರಮವಿದೆ. ಕೊಂಡಿಯ ಸಂಕೇತದಲ್ಲಿ ‘ಸ್ಪಾನ್ಸರ್ಡ್’ ಎಂಬ ಗುರುತನ್ನು ಸೇರಿಸುವ ಪದ್ಧತಿಯನ್ನು ಗೂಗಲ್ ಕಂಪನಿಯು ೨೦೧೯ರ ಸೆಪ್ಟೆಂಬರ್‌ನಲ್ಲಿ ತಂದಿತು. ಇದು ಹಣದ ಸಂಬಂಧವಿರುವ ಕೊಂಡಿ ಎಂದು ಯಂತ್ರಕ್ಕೆ ಇದರಿಂದ ತಿಳಿಯುತ್ತದೆ. ಈ ಗುರುತು ಓದುಗನಿಗೆ ಕಾಣದು. ಆದುದರಿಂದ ಕನ್ನಡದ ಸಾಲಿಗೆ ಇದು ಬದಲಿಯಾಗದು.

ಬಂದ ಕಮಿಷನ್ ಆದಾಯವೆಂಬುದನ್ನೂ ಮರೆಯಬಾರದು. ಕಾನೂನು ಹೇಳಿದ ಮಿತಿಯನ್ನು ದಾಟಿದರೆ ಕಂಪನಿಯು ಮೂಲದಲ್ಲೇ ತೆರಿಗೆಯನ್ನು ಮುರಿದುಕೊಂಡು ಕೊಡುತ್ತದೆ. ಈ ಕಡಿತದ ದರವನ್ನು ೨೦೨೪ರ ಅಕ್ಟೋಬರ್ ೧ರಿಂದ ಶೇಕಡ ೫ರ ಬದಲು ೨ಕ್ಕೆ ಇಳಿಸಲಾಯಿತು. ಕಡಿತವಾಗಲಿ ಆಗದಿರಲಿ, ಆದಾಯದ ವಿವರದಲ್ಲಿ ತೋರಿಸಲೇಬೇಕು. ನಾವು ಮೊದಲೇ ಹೇಳಿದ ಹಣದ ಪುಸ್ತಕ ಇಲ್ಲಿ ಕೆಲಸಕ್ಕೆ ಬರುತ್ತದೆ.

೭. ಕೊಂಡಿ ಒತ್ತುವ ಮನೆಯವರಿಗೆ

ಕಮಿಷನ್ ಕೊಂಡಿ ಬೇರೆ, ಮೋಸದ ಕೊಂಡಿ ಬೇರೆ. ಆದರೆ ಎರಡೂ ಒಂದೇ ವೇಷದಲ್ಲಿ ಬರುತ್ತವೆ. ಬೇರ್ಪಡಿಸುವ ಉಪಾಯ ಸರಳ. ವಿಳಾಸದ ಆರಂಭದಲ್ಲಿ ಎರಡು ಓರೆಗೆರೆಗಳಿರುತ್ತವೆ. ಅವುಗಳನ್ನು ದಾಟಿದ ಮೇಲೆ ಬರುವ ಮೊದಲ ಒಂಟಿ ಓರೆಗೆರೆಯವರೆಗಿನ ಭಾಗವನ್ನು ಬಲದಿಂದ ಎಡಕ್ಕೆ ಓದಬೇಕು. ಡಾಟ್ ಇನ್ ಅಥವಾ ಡಾಟ್ ಕಾಮ್ ಎಂಬುದಕ್ಕೆ ತಾಗಿಕೊಂಡು ಎಡಕ್ಕಿರುವ ಹೆಸರೇ ಯಜಮಾನನ ಹೆಸರು. ಅಂಗಡಿಯ ಹೆಸರು ವಿಳಾಸದ ಮೊದಲಲ್ಲಿದ್ದು, ಡಾಟ್ ಕಾಮಿಗೆ ತಾಗಿ ಬೇರೊಂದು ಹೆಸರಿದ್ದರೆ, ಅದು ಆ ಬೇರೊಬ್ಬನ ಮನೆ. ಬಾಗಿಲ ಮೇಲೆ ಯಾರ ಹೆಸರು ಬರೆದರೂ ಮನೆ ದಸ್ತಾವೇಜಿನಲ್ಲಿರುವವನದು.

ಕಿರಿದಾಗಿಸಿದ ಕೊಂಡಿಗಳಲ್ಲಿ ಈ ಹೆಸರು ಮೊದಲಿಗೆ ಕಾಣದು. ತೆರೆದ ಮೇಲಾದರೂ ನೋಡಬೇಕು. ಅದಕ್ಕಿಂತ ಒಳ್ಳೆಯದೆಂದರೆ ಅಂಗಡಿಯ ಆ್ಯಪನ್ನು ನಾವೇ ತೆರೆದು ವಸ್ತುವಿನ ಹೆಸರನ್ನು ಹುಡುಕುವುದು. ಹೇಳಿದವರು ನಿಜವಾಗಿಯೂ ಸಹಾಯ ಮಾಡಿದ್ದಾರೆ ಎನಿಸಿದರೆ ಅವರ ಕೊಂಡಿಯಿಂದಲೇ ಕೊಳ್ಳಬಹುದು. ಸಾಮಾನ್ಯವಾಗಿ ಅದರಿಂದ ನಮಗೆ ಬೆಲೆ ಹೆಚ್ಚಾಗುವುದಿಲ್ಲ, ಅವರ ಶ್ರಮಕ್ಕೆ ಕೂಲಿ ಸಿಗುತ್ತದೆ.

ಬಹುಮಾನ ಕೊಡುತ್ತೇವೆಂದು ಒಟಿಪಿ ಕೇಳುವ, ಹಣ ಕಳುಹಿಸುತ್ತೇವೆಂದು ಯುಪಿಐ ಪಿನ್ ಒತ್ತಿಸುವ ಕೊಂಡಿ ಎಂದಿಗೂ ಪ್ರಾಮಾಣಿಕವಲ್ಲ. ಹಣ ಪಡೆಯುವುದಕ್ಕೆ ಪಿನ್ ಬೇಕಾಗಿಲ್ಲ. ಹಣ ಕಳೆದುಕೊಂಡರೆ ತಡಮಾಡದೆ ೧೯೩೦ ಎಂಬ ಸಂಖ್ಯೆಗೆ ಕರೆಮಾಡಬೇಕು. ಕೊಂಡ ವಸ್ತುವಿನ ದೂರುಗಳಿಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ ೧೯೧೫.

೮. ವಿದ್ಯಾರ್ಥಿಗಳಿಗೆ

ಭಾರತದ ಕರಾರು ಕಾಯಿದೆ, ೧೮೭೨ರ ಪ್ರಕಾರ ಹದಿನೆಂಟು ತುಂಬದವರು ಕರಾರಿಗೆ ಅರ್ಹರಲ್ಲ. ಕಮಿಷನ್ ಯೋಜನೆಗೆ ಸೇರುವುದು ಒಂದು ಕರಾರು. ಆದುದರಿಂದ ಶಾಲೆಯಲ್ಲಿರುವಾಗ, ಅಣ್ಣನ ಹೆಸರಲ್ಲಿ, ಚಿಕ್ಕಪ್ಪನ ಹೆಸರಲ್ಲಿ ಖಾತೆ ತೆರೆಯುವ ಆತುರ ಬೇಡ. ಈಗ ಮಾಡಬಹುದಾದುದು ಕೈಪಳಗಿಸುವ ಕೆಲಸ. ಮನೆಯಲ್ಲಿ ಬಳಸುವ ವಸ್ತುವನ್ನು ನೋಡಿ, ಬಳಸಿ, ಗುಣದೋಷಗಳನ್ನು ನೇರವಾದ ಕನ್ನಡದಲ್ಲಿ ಬರೆಯುವುದನ್ನು ಕಲಿತರೆ ಮುಂದಿನ ಮುಕ್ಕಾಲು ಕೆಲಸ ಮುಗಿದಂತೆ.

ಗಡಿನಾಡಿನ ನಮಗೆ ಇನ್ನೊಂದು ಎಚ್ಚರವೂ ಬೇಕು. ಇಂಗ್ಲಿಷಿನಲ್ಲಿ ಬರೆಯುವವನನ್ನು ಓದುವವರು ಲೋಕದ ಮೂಲೆಮೂಲೆಯಲ್ಲಿದ್ದಾರೆ; ಒಬ್ಬನಿಗೆ ಬೇಸರವಾದರೆ ಇನ್ನೊಬ್ಬನು ಬರುತ್ತಾನೆ. ನಮ್ಮ ಬರಹವನ್ನು ಮೊದಲು ಓದುವವರು ನಮ್ಮ ಊರಿನವರು, ನೆಂಟರು, ಒಂದೇ ಬಸ್ಸಿನಲ್ಲಿ ಹೋಗುವವರು. ಅವರು ನಮ್ಮ ಮಾತು ನಂಬಿ ಕೊಂಡ ಕುಕ್ಕರು ತಿಂಗಳಲ್ಲಿ ಕೆಟ್ಟರೆ, ಆ ಸುದ್ದಿ ಮುಂದಿನ ಮದುವೆಯ ಚಪ್ಪರದಲ್ಲಿ ನಮ್ಮನ್ನು ಕಾದು ಕುಳಿತಿರುತ್ತದೆ. ಕಮಿಷನ್ನಿನ ದರವನ್ನು ಕಂಪನಿ ಇಳಿಸಬಹುದು, ಏರಿಸಬಹುದು. ನಂಬಿಕೆಯ ದರ ಇರುವುದು ನಮ್ಮ ಕೈಯಲ್ಲಿ ಮಾತ್ರ.

ಅಭ್ಯಾಸ

೧. ಮನೆಯವರ ಮೊಬೈಲಿಗೆ ಬಂದ ಮೂರು ಕೊಂಡಿಗಳನ್ನು ಒತ್ತದೆ ಓದಿ, ಯಜಮಾನನ ಹೆಸರು ಯಾವುದೆಂದು ಹಿರಿಯರೊಂದಿಗೆ ಗುರುತಿಸಿರಿ.

೨. ಒಂದು ವಸ್ತುವಿನ ಬೆಲೆ ೧೨೫೦ ರೂಪಾಯಿ, ಕಮಿಷನ್ ಶೇಕಡ ೬. ಒಂಬತ್ತು ಮಂದಿ ಕೊಂಡು ಇಬ್ಬರು ಹಿಂದಿರುಗಿಸಿದರು. ಉಳಿದ ಕಮಿಷನ್ ಎಷ್ಟು?

೩. ಮನೆಯಲ್ಲಿರುವ ಒಂದು ವಸ್ತುವನ್ನು ಆರಿಸಿ, ಮೇಲೆ ಹೇಳಿದ ಎಂಟು ಅಂಕಣಗಳಲ್ಲಿ ಅದಕ್ಕೆ ಸಲ್ಲುವವನ್ನು ತುಂಬಿರಿ. ಆರನೆಯ ಅಂಕಣದಲ್ಲಿ ಎರಡು ಗುಣ, ಒಂದು ದೋಷ ಇರಲೇಬೇಕು.

೪. ಕಮಿಷನ್ ಇದೆ ಎಂದು ಅಜ್ಜಿಗೆ ಅರ್ಥವಾಗುವಂತೆ ತಿಳಿಸುವ ಒಂದು ಸಾಲನ್ನು ಬರೆಯಿರಿ. ಅಜ್ಜಿಗೆ ಓದಿ ಹೇಳಿರಿ. ಅರ್ಥವಾಗದಿದ್ದರೆ ತಿದ್ದಿ ಮತ್ತೊಮ್ಮೆ ಬರೆಯಿರಿ.